ಒಂದು ಮೊರ ತೊಗರಿ ಹೊಟ್ಟು

ದೀಪಾವಳಿ ರಜೆ ಮುಗಿದ ವಾರ ಒಂಬತ್ತನೇ ತರಗತಿಯ ಪ್ರೀತಿ ಶಾಲೆಯ ಫಾರ್ಮು ತುಂಬಿದಳು. ತಂದೆಯ ಹೆಸರು ದೌಲಪ್ಪ, ಸರಿ. ಮನೆ ಶರಣಸಿರಸಗಿ ಹೊಸ ಲೇಔಟ್, ಅದೂ ಸರಿ. ತಾಯಿಯ ಹೆಸರು ಎಂಬಲ್ಲಿ ಮಾತ್ರ ದುಂಡಗೆ ‘ಖುರ್ಷೀದ್ ಬೇಗಂ’ ಎಂದು ಬರೆದಳು.

ಹೆಡ್‌ಮಾಸ್ತರ ಖಂಡೆಪ್ಪನವರು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬೇಕಾದಷ್ಟು ಫಾರ್ಮು ನೋಡಿದ್ದರು. ಒಬ್ಬ ಹುಡುಗ ತಂದೆಯ ಉದ್ಯೋಗ ಎಂಬಲ್ಲಿ ‘ಮಲಗುವುದು’ ಎಂದು ಬರೆದಿದ್ದ, ವಿಚಾರಿಸಿದರೆ ನಿಜವಾಗಿತ್ತು. ಆದರೆ ತಾಯಿಯನ್ನೇ ಬದಲಿ ಮಾಡಿದವಳು ಇವಳೇ ಮೊದಲು. ಅವಳ ತಂದೆ ತಾಯಿಯನ್ನು ಕರೆಸಿದರು. ದೌಲಪ್ಪ ನಂದೂರಿನ ದಾಲ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಮೀಸೆಯ ಮೇಲಿನ ತೊಗರಿ ಧೂಳಿನ ಸಮೇತ ಬಂದ. ಹೆಂಡತಿ ಜಗದೇವಿ ಒಳ್ಳೆಯ ಸೀರೆ ಉಟ್ಟು ಬಂದಳು.

“ಇಕಿ ನಿಮ್ಮ ಮಗಳೇ ಹೌದಲ್ರೀ?” ಎಂದು ಖಂಡೆಪ್ಪ ಕೇಳಿದರು.

“ಹೌದ್ರೀ ಸರ್,” ಎಂದ ದೌಲಪ್ಪ. ಜಗದೇವಿ ಸೆರಗಿನ ಅಂಚು ನೋಡಿದಳು.

“ಬಾಯಾರ, ನಿಮ್ಮನ್ನ ಕೇಳಾಕತ್ತೀನಿ.”

“ಅಕಿ ಪ್ರೀತಿ ಅದಾಳ್ರೀ.”

“ಹೆಸರು ನನಗೂ ಗೊತ್ತದವ್ವ. ಮಗಳು ಹೌದೋ ಅಲ್ಲೋ?”

“ನಮ್ಮ ಮನ್ಯಾಗೇ ಇರ್ತಾಳ್ರೀ.”

ಬಾಗಿಲ ಬಳಿ ನಿಂತಿದ್ದ ಪ್ರೀತಿ, “ನೋಡ್ರಿ ಸರ್, ನಾ ಸುಳ್ಳ ಬರದಿಲ್ಲ,” ಎಂದಳು.

ದೌಲಪ್ಪ ಕುರ್ಚಿ ಮುಂದೆ ಎಳೆದುಕೊಂಡು ಕಥೆ ಹೇಳಬೇಕಾಯಿತು. ಪ್ರೀತಿಗಿಂತ ಮೊದಲು ಜಗದೇವಿಗೆ ಎರಡು ಕೂಸು ಹುಟ್ಟಿ ಎರಡೂ ಉಳಿಯಲಿಲ್ಲ. ಮೂರನೆಯದು ಹುಟ್ಟಿದಾಗ ದೌಲಪ್ಪನ ತಾಯಿ ಲಲಿತಾಬಾಯಿ, ಕಮಲಾಪುರದ ಮನೆಯಲ್ಲಿ, ಹಳೆಯ ಪದ್ಧತಿಯಂತೆ ಕೂಸನ್ನು ಮಾರಿಬಿಟ್ಟಳು. ಸಾವು ವಿಳಾಸ ಹುಡುಕಿಕೊಂಡು ಬಂದರೆ ‘ಈ ಕೂಸು ನಮ್ಮದಲ್ಲ, ಎದುರು ಮನೆಯದು’ ಎನ್ನಬೇಕು. ಸಾವಿಗೆ ಅಷ್ಟು ಓದು ಬರಹ ಇಲ್ಲ, ನಂಬಿ ಹೋಗುತ್ತದೆ. ಕೊಂಡವಳು ಎದುರು ಮನೆಯ ಖುರ್ಷೀದ್ ಬೇಗಂ. ಬೆಲೆ ಒಂದು ಮೊರ ತೊಗರಿ ಹೊಟ್ಟು. ಐದು ವರ್ಷ ತುಂಬುವುದರೊಳಗೆ ಅಷ್ಟೇ ಹೊಟ್ಟು ಕೊಟ್ಟು ಮರಳಿ ಕೊಳ್ಳಬೇಕು. ಅಲ್ಲಿಯ ತನಕ ಕೂಸು ಕೊಂಡವರ ಕಣ್ಣಳತೆಯಲ್ಲಿ ಬೆಳೆಯಬೇಕು, ಹೆತ್ತವಳು ಬಾಯಿ ತಪ್ಪಿಯೂ ‘ನನ್ನ ಮಗಳು’ ಎನ್ನಬಾರದು. ಅಂದುಬಿಟ್ಟರೆ ಸಾವಿಗೆ ಕೇಳಿಸುತ್ತದೆ.

ಹಾಗಾಗಿ ಗಂಡ ಹೆಂಡತಿ ಕಲಬುರಗಿಯ ಬಾಡಿಗೆ ಕೋಣೆಯಲ್ಲಿದ್ದರೆ ಪ್ರೀತಿ ಕಮಲಾಪುರದಲ್ಲಿ ಅಜ್ಜಿಯ ಬಳಿ ಇದ್ದಳು. ನಾಲ್ಕು ತುಂಬಿದ ಮೇಲೆ ಮರಳಿ ಕೊಳ್ಳುವ ದಿನ ಗೊತ್ತು ಮಾಡಿ, ಮೊರ ತುಂಬ ಹೊಟ್ಟನ್ನು ಕಟ್ಟೆಯ ಮೇಲೆ ತಂದೂ ಇಟ್ಟರು. ಅಷ್ಟರಲ್ಲಿ ತುಂಬು ಬಸುರಿ ಜಗದೇವಿಗೆ ನೋವು ಶುರುವಾಯಿತು. ಎಲ್ಲರೂ ಟೆಂಪೊ ಹತ್ತಿ ಆಸ್ಪತ್ರೆಗೆ ಓಡಿದರು. ಸಂಜೆಗೆ ವಿವೇಕಾನಂದ ಹುಟ್ಟಿದ, ಹೊಟ್ಟನ್ನು ಎಮ್ಮೆ ತಿಂದಿತು. ಗಂಡು ಹುಟ್ಟಿದ ಸಡಗರದಲ್ಲಿ ವ್ಯಾಪಾರ ಹಾಗೇ ಉಳಿಯಿತು. ಎರಡು ವರ್ಷದ ಮೇಲೆ ಪ್ರೀತಿಯನ್ನು ಒಂದನೇ ತರಗತಿಗೆಂದು ಕಲಬುರಗಿಗೆ ಕರೆತಂದರು. ಹೊಟ್ಟಿನ ಮಾತು ಮತ್ತೆ ಬರುತ್ತಿದ್ದುದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಮಾತ್ರ. ‘ನಮ್ಮ ಪ್ರೀತಿನ್ನ ಎಮ್ಮಿ ತಿಂದದ’ ಎಂದು ಲಲಿತಾಬಾಯಿ ಹೇಳಿದರೆ ಸಾಲಿಗೆ ಸಾಲೇ ನಗುತ್ತಿತ್ತು. ಜಗದೇವಿ ನಗುತ್ತಿರಲಿಲ್ಲ. ಎಲ್ಲರೂ ವ್ಯಾಪಾರ ಮರೆತರೂ ಅವಳು ನಿಯಮ ಮರೆತಿರಲಿಲ್ಲ. ಹುಡುಗಿಗೆ ಹದಿನೈದಾದರೂ ‘ನನ್ನ ಮಗಳು’ ಎಂದಿರಲಿಲ್ಲ.

“ಛಲೋ ಆತು,” ಎಂದರು ಖಂಡೆಪ್ಪ. “ಇನ್ನ ನನ್ನ ಕಡಿ ಕಥಿ ಕೇಳ್ರಿ. ರಂಜನಾ ಅಂತ ಒಂದು ಹುಡುಗಿ. ಅವರ ತಾಯಿ ದಿನಾ ಮಧ್ಯಾಹ್ನ ಬಿಸಿ ಡಬ್ಬಿ ತಂದು ಗೇಟಿಗಿ ಕೊಡ್ತಾಳ. ನಿಮ್ಮಾಕಿ ಆ ಡಬ್ಬಿ ಒಯ್ದು ಗಟಾರದಾಗ ಬೋರಲ ಹಾಕ್ಯಾಳ. ಎರಡು ಸಲ. ಮ್ಯಾಲ ಈ ತಿಂಗಳ ಆರು ದಿನ ಶಾಲಿಗಿ ಬಂದಿಲ್ಲ. ಇನ್ನೊಮ್ಮಿ ಆತಂದ್ರ ಟಿ.ಸಿ. ಕೊಡ್ತೇನಿ.”

“ಎಳ್ಳ ಅಮಾಸಿ ಮುಗೀತಂದ್ರ ಹಾಸ್ಟೆಲಿಗಿ ಹಾಕ್ತೇನ್ರೀ,” ಎಂದ ದೌಲಪ್ಪ. “ವಿಜಯಪುರದ ಕಡಿ ಒಂದು ಅದ. ಗೋಡಿ ಎತ್ತರ ಅವ.” ಜೇಬಿನಿಂದ ಹಾಸ್ಟೆಲಿನ ಅರ್ಜಿ ತೆಗೆದು ತೋರಿಸಿಯೂ ತೋರಿಸಿದ. ಪ್ರೀತಿ ಅದನ್ನು ನೋಡಿದಳು. ಅವಳ ಸಹಿಗೂ ಅದರಲ್ಲಿ ಜಾಗ ಇತ್ತು.

ಮನೆಯಲ್ಲಿ ದಿನದ ಜಗಳ ಹಾಲಿನ ಕೆನೆಯಿಂದ ಶುರುವಾಗುತ್ತಿತ್ತು. ಕೆನೆಯ ವಿಷಯದಲ್ಲಿ ಪ್ರೀತಿಯ ಕಣ್ಣು ಅಕ್ಕಸಾಲಿಗನ ತಕ್ಕಡಿ. ಎರಡು ಲೋಟ ಬಾಗಿಲಿನಾಚೆ ಇದ್ದರೂ ತಮ್ಮನ ಲೋಟದಲ್ಲಿ ಕೆನೆ ಎಷ್ಟು ದಪ್ಪ ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳು. ರೊಟ್ಟಿಯಲ್ಲೂ ಅಷ್ಟೇ. ಹಂಚಿನ ಮೇಲೆ ಉಬ್ಬಿದ ಮೊದಲ ರೊಟ್ಟಿ ಯಾರ ತಾಟಿಗೆ ಬಿತ್ತು ಎನ್ನುವುದನ್ನು ಆರನೇ ವಯಸ್ಸಿನಿಂದ ನೆನಪಿಟ್ಟುಕೊಂಡಿದ್ದಳು.

“ಇವತ್ತೂ ಅಂವಗೇ ಹಾಕಿದಿ,” ಎಂದಳು ಒಂದು ಬೆಳಿಗ್ಗೆ.

“ಅಂವಗ ಸ್ಕೂಲ್ ಬಸ್ ಮೊದಲ ಬರ್ತದ,” ಎಂದಳು ಜಗದೇವಿ ರೊಟ್ಟಿ ಬಡಿಯುತ್ತ.

“ರವಿವಾರ ಯಾವ ಬಸ್ ಬರ್ತದ?”

ವಿವೇಕ ಬಾಯಿ ತುಂಬ ಇಟ್ಟುಕೊಂಡೇ, “ಅಕ್ಕಗ ಎರಡು ಮನಿ ಅವ,” ಎಂದ. ಅವನಿಗೆ ಹನ್ನೊಂದು ವರ್ಷ. “ರಮಜಾನಕ್ಕ ಅಲ್ಲಿ ಹೊಸ ಅರಿವಿ, ದೀಪಾವಳಿಗಿ ಇಲ್ಲಿ ಹೊಸ ಅರಿವಿ. ನನ್ನ ಯಾರಿಗೂ ಯಾಕ ಮಾರಿಲ್ಲ ನೀವು?”

“ನಿನ್ನ ಯಾರು ತಗೋತಾರಲೇ,” ಎಂದ ದೌಲಪ್ಪ ಪೇಪರಿನ ಹಿಂದಿನಿಂದ.

ಆ ಹೊತ್ತಿಗೆ ವಿವೇಕನ ಕಂಪಾಸ್ ಪೆಟ್ಟಿಗೆ ನೀರಿನ ಬಕೀಟಿನಲ್ಲಿ ಸಿಕ್ಕಿತು. ಅದು ತಾನಾಗಿ ನಡೆದುಹೋಗಿ ಬಿದ್ದಿರುವ ಸಂಭವ ಕಡಿಮೆ. ಜಗದೇವಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಎದ್ದಳು.

“ನೀನೇ ಹಾಕಿದಿ ಹೌದಿಲ್ಲೋ?”

“ಹೌದು.”

“ಯಾಕ?”

“ಅದು ತೇಲ್ತದೋ ಮುಳುಗ್ತದೋ ನೋಡಾಕ.”

“ಈ ಮನ್ಯಾಗ ಇರಾಕ ಮನಸ್ಸಿಲ್ಲಂದ್ರ ಹೋಗು ಕಮಲಾಪುರಕ್ಕ, ನಿಮ್ಮ ಅಮ್ಮೀ ಹಂತ್ಯಾಕ.”

ಹೇಳಬಾರದ ಮಾತು ಅದೊಂದೇ ಇತ್ತು, ಅದನ್ನೇ ಹೇಳಿದಳು. ಸರಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲೆ ಮನೆ ಬಿಟ್ಟು ಹೋಗುವ ಕೆಲಸ ಬಹಳ ಸಸ್ತಾ ಆಗಿದೆ. ಪ್ರೀತಿ ಚೀಲದಲ್ಲಿ ಆಧಾರ್ ಕಾರ್ಡು ಹಾಕಿಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದಳು. ಕಂಡಕ್ಟರನಿಗೆ ಅವಳ ಪರಿಚಯ ಎಷ್ಟಿತ್ತೆಂದರೆ, ಕಾರ್ಡು ನೋಡದೇ ಟಿಕೇಟು ಹರಿದು, “ಈ ವಾರ ಲಗೂ ಜಗಳ ಆತೇನವಾ,” ಎಂದು ಕೇಳಿದ.

ಮಧ್ಯಾಹ್ನದ ಹೊತ್ತಿಗೆ ಜಗದೇವಿಯೂ ಅದೇ ದಾರಿಯ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದಳು.

ಖುರ್ಷೀದ್ ಬೇಗಂ ಕೆಂಬಾಳೆ ಹಣ್ಣು ಮಾಗಿಸಿ ಹೆದ್ದಾರಿಯ ಮೇಲೆ ಮಾರುವ ಹೆಂಗಸು. ಕೆಂಬಾಳೆ ಗಿಡ ಗೊನೆ ಬಿಡಲು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ, ಖುರ್ಷೀದ್ ಬೇಗಂ ಒಂದು ಮಾತಿಗೆ ಉತ್ತರ ಕೊಡಲು ಅದಕ್ಕಿಂತ ತುಸು ಕಡಿಮೆ. ಜಗದೇವಿ ಹೋದಾಗ ಪ್ರೀತಿ ಅಲ್ಲಿ ಖಟ್ಟಾ ದಾಲ್ ಕಲಸಿಕೊಂಡು ಎರಡನೇ ಸಲದ ಅನ್ನ ಉಣ್ಣುತ್ತಿದ್ದಳು. ಮನೆಯಲ್ಲಿ ಅರ್ಧ ರೊಟ್ಟಿಗೆ ಏಳುವ ಹುಡುಗಿ. ಜಡೆ ಎಣ್ಣೆ ಮಿಂಚುತ್ತಿತ್ತು.

“ಇಕಿ ತಲಿಗಿ ಎಣ್ಣಿ ಯಾರ್ ಹಚ್ಯಾರ?” ಎಂದು ಜಗದೇವಿ ಬಾಗಿಲಲ್ಲೇ ಕೇಳಿದಳು.

“ನಾ ಹಚ್ಚೀನಿ,” ಎಂದಳು ಖುರ್ಷೀದ್ ಬೇಗಂ. “ಕೂದ್ಲ ಒಣಗಿ ಜೋಳದ ಕಣಿಕಿ ಆಗಿದ್ವು.”

“ನಮ್ಮ ಮನ್ಯಾಗ ಎಣ್ಣಿ ಇಲ್ಲೇನು?”

“ಎಣ್ಣಿ ಇರ್ತದ. ಹಚ್ಚೂ ಕೈ?”

“ನನಗ ತಲಿ ಮುಟ್ಟಗೊಡಂಗಿಲ್ಲ ಅಕಿ.”

“ನನಗೂ ನಕ್ಕೋ, ಬ್ಯಾಡ ಅಂದ್ಲು. ನಾ ಹಚ್ಚಿದೆ.”

ಜಗದೇವಿ ಆ ಜಡೆಯನ್ನು ನೋಡಿದ ರೀತಿಯಲ್ಲಿ ಎಣ್ಣೆಗೆ ಬೆಂಕಿ ಹತ್ತದೆ ಇದ್ದುದು ದೊಡ್ಡದು. “ನೀ ಅಕಿನ್ನ ಕೆಡಸಾಕತ್ತಿ. ನಾ ಏನ ಬೇಯಿಸಿ ಹಾಕಿದರೂ ಅಮ್ಮೀ ಹಂಗ ಆಗಿಲ್ಲ ಅಂತಾಳ.”

“ಅರೇ, ನಾ ಕೊಂಡಾಕಿ. ಮಾರಿದವ್ರೇ ಬಂದು ಮಾಲು ಕೆಟ್ಟದ ಅಂದ್ರ ಹ್ಯಾಂಗ?” ಖುರ್ಷೀದ್ ಬೇಗಂ ಹಣ್ಣಿನ ಮೇಲಿನ ಹುಲ್ಲು ಸರಿಸಿದಳು. ಒಂದೊಂದೇ ಹಣ್ಣು ಒತ್ತಿ ನೋಡಿ ಮತ್ತೆ ಹುಲ್ಲು ಮುಚ್ಚಿದ ಮೇಲೆ, “ಅವತ್ತ ಕಟ್ಟಿ ಮ್ಯಾಲ ಏನಾತು ಅಂತ ಅಕಿನ್ನ ಒಂದ್ಸಲರ ಕೇಳೀಯೇನು?” ಎಂದಳು.

“ಎಮ್ಮಿ ಹೊಟ್ಟು ತಿಂತು.”

“ಎಮ್ಮಿ ಸುದ್ದಿ ಜಿಲ್ಲಾಕ್ಕೇ ಗೊತ್ತದ. ನಾ ಹುಡುಗಿ ಸುದ್ದಿ ಕೇಳಿದೆ.”

ಪ್ರೀತಿ ತಾಟಿನಿಂದ ತಲೆ ಎತ್ತಲಿಲ್ಲ.

ಮುಂದಿನ ವಾರ ಜಗದೇವಿ ಯಾರಿಗೂ ಹೇಳದೆ ಕೆನೆಯನ್ನೆಲ್ಲ ಪ್ರೀತಿಯ ಲೋಟಕ್ಕೆ ಹಾಕಿ ನೋಡಿದಳು. ಪ್ರೀತಿ ಅದನ್ನು ಚಮಚದಲ್ಲಿ ತೆಗೆದು ಬೆಕ್ಕಿಗೆ ಹಾಕಿ, “ಹಾಸ್ಟೆಲಿಗಿ ಕಳಿಸೂ ಮುಂದ ತಿನ್ನಸಾಕತ್ತೀ, ಬಕ್ರೀದ್ ಕುರಿ ಹಂಗ,” ಎಂದಳು. ವಿವೇಕ ತನ್ನ ಲೋಟ ಚೆಲ್ಲಿ ಅತ್ತ. ಮೂರು ದಿನ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡದ್ದು ಬೆಕ್ಕು ಒಂದೇ.

ಕೊನೆಗೆ ಲಲಿತಾಬಾಯಿಗೆ ಫೋನು ಹೋಯಿತು. ಅವಳು ಕಮಲಾಪುರದಿಂದ ಬಂದು ಕಾಲು ತೊಳೆಯುವ ಮೊದಲೇ ಶುರು ಮಾಡಿದಳು. ಅವಳ ಸಿಟ್ಟು ಬೇರೆ ಇತ್ತು.

“ಆರು ವರ್ಷ ಜ್ವಾಪಾನ ಮಾಡಿದಾಕಿ ನಾ. ಫಾರಂದಾಗ ಸುಳ್ಳೇ ಬರಿಯೂದಿತ್ತಂದ್ರ ನನ್ನ ಹೆಸರರ ಬರೀಬಾರದೇನು? ಅಕಿದೇ ಬೇಕಾಗಿತ್ತೇನು?”

“ನೀ ಆಯಿ. ತಾಯಿ ಅಂತ ಕೇಳಿತ್ತು,” ಎಂದಳು ಪ್ರೀತಿ.

“ದೌಲಪ್ಪಾ, ಇದೆಲ್ಲ ಉಳಿದ ವ್ಯಾಪಾರದ ಕಾಟ. ಒಂದು ಮೊರ ಹೊಟ್ಟು ಕೊಟ್ಟು ಹುಡುಗಿನ್ನ ಬಿಡಿಸ್ಕೋ.”

ದೌಲಪ್ಪ ಮರುದಿನ ಮಿಲ್ಲಿನಿಂದ ಒಂದು ಚೀಲ ಹೊಟ್ಟು ಹೊತ್ತು ತಂದ. ಮೊರಕ್ಕಿಂತ ಚೀಲ ದೊಡ್ಡದು, ಹುಡುಗಿ ಹೆಚ್ಚು ಗಟ್ಟಿಯಾಗಿ ಬರುತ್ತಾಳೆ ಎಂಬುದು ಅವನ ಲೆಕ್ಕ. ಚೀಲವನ್ನು ನಡುಮನೆಯಲ್ಲಿಟ್ಟು, “ಇಕಾ, ತಗೋ,” ಎಂದ. ಪ್ರೀತಿ ಚೀಲದ ಬಾಯಿ ಬಿಚ್ಚಿ ಒಂದು ಮುಷ್ಟಿ ಹೊಟ್ಟು ತೆಗೆದು ಮೂಸಿದಳು.

“ಆಯಿ, ಅವತ್ತ ನನಗ ಹಳದಿ ಫ್ರಾಕ್ ಹಾಕಿದ್ದಿ,” ಎಂದಳು. “ಇವತ್ತ ನಿನ್ನ ಮನಿಗಿ ಕರಕೊಂಡ ಹೋಗ್ತಾರ, ಹೊಟ್ಟು ಕಾಯ್ಕೋತ ಕೂಡು, ಇಕಾ ಬಂದೆವು ಅಂದಿ. ಟೆಂಪೊ ಹತ್ತಿದಿ.”

“ಅಂದಿರಬೇಕವಾ. ನೋವು ಜೋರಾಗಿತ್ತು ಅಕಿಗಿ.”

“ಕೂತೆ. ಎಮ್ಮಿ ಬಂತು. ಹೋಗ ಅಂದೆ, ಹೋಗಲಿಲ್ಲ. ಮೊರ ಹಿಡಕೊಂಡೆ, ಎಳೀತು. ಬಿಟ್ಟೆ. ಪೂರಾ ತಿಂತು.” ಹೊಟ್ಟನ್ನು ಮತ್ತೆ ಚೀಲಕ್ಕೆ ಹಾಕಿದಳು. “ನೀವು ಬರಲಿಲ್ಲ. ಮರದಿನಾನೂ ಬರಲಿಲ್ಲ. ನಾ ಹೊಟ್ಟು ಕಾಯಲಿಲ್ಲ, ಅದಕ್ಕ ಬ್ಯಾರೆ ಕೂಸು ತಗೊಂಡಾರ ಅನಕೊಂಡೆ.”

ಯಾರೂ ನಗಲಿಲ್ಲ. ಅದೇ ಎಮ್ಮೆ, ಅದೇ ಹೊಟ್ಟು. ಆದರೂ.

“ಆಮ್ಯಾಲ ತಿಳೀತಲ್ಲ?” ಎಂದ ದೌಲಪ್ಪ.

“ಆಮ್ಯಾಲೂ ಅದೇ ಅನಕೊಂಡೆ.”

ಜಗದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಈಗ ಏನ್ ಮಾಡಬೇಕಂತಿ?” ಎಂದಳು.

“ಬರೇ ಹೊಟ್ಟಿಗಿ ನಾ ಬರಂಗಿಲ್ಲ. ಅದೇ ಕಟ್ಟಿ ಮ್ಯಾಲ ನೀ ಹೊಟ್ಟು ಕಾಯ್ಕೋತ ಕೂಡಬೇಕು. ಎಲ್ಲರೂ ಬಿಟ್ಟು ಹೋಗಿರಬೇಕು. ಮುಂಜಾನಿಂದ ಸಂಜೀತನಕ, ಒಬ್ಬಾಕೀನೇ. ಕೂತ್ರ ನಾ ನಿಮ್ಮಾಕಿ. ಇಲ್ಲಂದ್ರ ಹಾಸ್ಟೆಲಿನ ಅರ್ಜಿಗಿ ಸಹಿ ಮಾಡ್ತೇನಿ, ಮತ್ತ ರಜಾಕ್ಕೂ ಬರಂಗಿಲ್ಲ.”

“ಎಲ್ಲರೂ ಬಿಟ್ಟು ಹೋಗೂದು ಎಳ್ಳ ಅಮಾಸಿ ದಿನ ಮಾತ್ರ,” ಎಂದಳು ಲಲಿತಾಬಾಯಿ. ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. “ಹಬ್ಬದ ದಿನ ಮನಿ ಸೊಸಿ ಭಿಕ್ಷಾ ಬೇಡೋರಂಗ ಕಟ್ಟಿ ಮ್ಯಾಲ ಕೂಡಬೇಕೇನು? ಮಂದಿ ಏನಂತಾರ?”

“ಕೂಡ್ತೇನಿ,” ಎಂದಳು ಜಗದೇವಿ.

ಜಗದೇವಿ ಹುಟ್ಟಿ ಬೆಳೆದದ್ದು ಕಲಬುರಗಿಯ ಗಲ್ಲಿಯಲ್ಲಿ. ಎಮ್ಮೆ ಎದುರು ಬಂದರೆ ಓಣಿ ಬದಲಿಸುವ ಹೆಂಗಸು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಕಮಲಾಪುರದ ಮನೆಯಿಂದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿಯ ಕೊಡ, ಎಲ್ಲ ಟ್ರ್ಯಾಕ್ಟರು ಹತ್ತಿದವು. ಜಗದೇವಿ ನಸುಕಿನಿಂದ ಬೇಯಿಸಿದ ಅಡುಗೆ ಅವಳನ್ನು ಬಿಟ್ಟು ಹೋಯಿತು. ಅವಳು ಕಲ್ಲಿನ ಕಟ್ಟೆಯ ಮೇಲೆ ತೊಡೆಯ ಪಕ್ಕ ಮೊರ ಇಟ್ಟುಕೊಂಡು ಕೂತಳು. ಎದುರಿನ ಖುರ್ಷೀದ್ ಬೇಗಂಳ ಹೊಸ್ತಿಲ ಮೇಲೆ ಪ್ರೀತಿ ವಿಜ್ಞಾನದ ಪುಸ್ತಕ ಹಿಡಿದು ಕೂತಳು. ನಡುವೆ ಹತ್ತು ಹೆಜ್ಜೆ ಓಣಿ.

ಹೊಲಕ್ಕೆ ತಡವಾಗಿ ಹೊರಟಿದ್ದ ಓಣಿಯ ಮೌನೇಶ ಸೈಕಲ್ ನಿಲ್ಲಿಸಿ, “ಏನ್ ವೈನಿ, ಹೊಟ್ಟು ಮಾರಾಟಕ್ಕೇನು?” ಎಂದ.

“ಇಲ್ಲ. ಖರೀದಿಗಿ,” ಎಂದಳು ಜಗದೇವಿ.

ಮಧ್ಯಾಹ್ನ ಖುರ್ಷೀದ್ ಬೇಗಂ ತಾಟಿನಲ್ಲಿ ಎರಡು ಕೆಂಬಾಳೆ ಹಣ್ಣು ಹಿಡಿದು ಓಣಿ ದಾಟಲು ಹೊರಟಳು. ಪ್ರೀತಿ ಪುಸ್ತಕದಿಂದ ಕಣ್ಣು ತೆಗೆಯದೆ, “ಅವತ್ತ ನನಗ ಯಾರೂ ಕೊಟ್ಟಿರಲಿಲ್ಲ,” ಎಂದಳು.

“ನಾ ಕೊಟ್ಟಿದ್ದೆ.”

“ಸಂಜಿಗಿ. ನೀ ಹಣ್ಣ ಮಾರಿ ಬಂದ ಮ್ಯಾಲ.”

ಖುರ್ಷೀದ್ ಬೇಗಂ ತಾಟು ಹಿಡಿದು ಒಳಗೆ ಹೋದಳು. ಬಿಸಿಲು ಕಟ್ಟೆ ಏರಿ, ಜಗದೇವಿಯ ಮುಖ ಏರಿ, ಆಚೆ ಇಳಿಯಿತು. ಅವಳು ಸೆರಗು ಹೊದ್ದುಕೊಂಡಳು, ಏಳಲಿಲ್ಲ. ಒಂದು ಸಲ ಪ್ರೀತಿ ಪುಟ ತಿರುವುವುದನ್ನು ಮರೆತು ಇವಳನ್ನೇ ನೋಡುತ್ತಿದ್ದಳು. ಜಗದೇವಿ ನೋಡಿದ ಕೂಡಲೇ ಎರಡು ಪುಟ ಒಟ್ಟಿಗೆ ತಿರುವಿದಳು.

ನಾಲ್ಕು ಗಂಟೆಗೆ ಎಮ್ಮೆ ಬಂತು.

ಆ ಹಳೆಯ ಎಮ್ಮೆ ತೀರಿಹೋಗಿ ವರ್ಷಗಳಾಗಿವೆ. ಅದರ ಹಾಲಿನ ಕೆನೆಯ ಮೇಲೆ ಬೆಕ್ಕು ನಡೆದು ಹೋದರೂ ಕಾಲು ಒದ್ದೆಯಾಗುತ್ತಿರಲಿಲ್ಲ ಎಂದು ಲಲಿತಾಬಾಯಿ ಹೇಳುತ್ತಾಳೆ. ಲಲಿತಾಬಾಯಿ ಸುಳ್ಳು ಹೇಳುವವಳಲ್ಲ, ಅಳತೆ ಮಾತ್ರ ತುಸು ಹೆಚ್ಚು. ಇದು ಆ ಎಮ್ಮೆಯ ಮೊಮ್ಮಗಳು. ಮನೆತನದ ವಿಷಯ ಮನೆತನದಲ್ಲಿ ಉಳಿಯುತ್ತದೆ. ಅದು ಓಣಿಯ ತುದಿಯಿಂದ ಅತ್ತಿತ್ತ ನೋಡದೆ ನೇರವಾಗಿ ಮೊರಕ್ಕೆ ಬಂತು.

“ಹೋಗ್ರಿ,” ಎಂದಳು ಜಗದೇವಿ. ಹೆದರಿಕೆಗೆ ಎಮ್ಮೆಗೂ ಬಹುವಚನ ಬಂದಿತ್ತು. “ಹೋಗ್ರಿ, ಇದು ನಿಮ್ಮದಲ್ಲ.”

ಎಮ್ಮೆ ಮೂತಿ ಹಾಕಿತು. ಜಗದೇವಿ ಕಣ್ಣು ಮುಚ್ಚಿ ಮೊರವನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ತಲೆ ಎತ್ತಿ ಎಳೆಯಿತು. ಇವಳು ಬಿಡಲಿಲ್ಲ, ಮೊರದ ಜೊತೆಗೆ ಕಟ್ಟೆಯಿಂದ ಕೆಳಗೆ ಬಂದಳು. ಮೊಣಕಾಲು ಕಲ್ಲಿಗೆ ತಾಗಿ ಸೀರೆ ಹರಿಯಿತು. ಅರ್ಧ ಹೊಟ್ಟು ಮಣ್ಣಿಗೆ ಹೋಯಿತು. ಆದರೂ ಬಿಡಲಿಲ್ಲ. ಆಗ ವಿಜ್ಞಾನದ ಪುಸ್ತಕ ಎಮ್ಮೆಯ ಮೂತಿಗೆ ಬಿತ್ತು. ಅದರ ಹಿಂದೆ ಪ್ರೀತಿ ಬಂದು ಇನ್ನೊಂದು ಏಟು ಕೊಟ್ಟಳು. ಒಂಬತ್ತನೇ ತರಗತಿಯ ವಿಜ್ಞಾನ ಸಾಕಷ್ಟು ದಪ್ಪ ಇದೆ. ಎಮ್ಮೆ ಹಿಂದೆ ಸರಿದು, ನೆಲದ ಮೇಲೆ ಚೆಲ್ಲಿದ್ದನ್ನು ಸಾವಕಾಶ ತಿಂದು ಹೋಯಿತು.

ತಾಯಿ ಮಗಳು ಮೊರ ಹಿಡಿದುಕೊಂಡು ನೆಲದ ಮೇಲೇ ಕೂತಿದ್ದರು.

“ಕೈ ಬಿಡಬಾರದೇನು?” ಎಂದಳು ಪ್ರೀತಿ. “ಎಷ್ಟ ದೊಡ್ಡದದ ಅದು.”

“ಹೌದು, ದೊಡ್ಡದದ,” ಎಂದಳು ಜಗದೇವಿ. ಉಸಿರು ಇನ್ನೂ ಕೂಡಿರಲಿಲ್ಲ. “ಮೂವತ್ತೆಂಟು ವರ್ಷದಾಕಿ ನಾ, ನನಗೇ ತಡೀಲಿಲ್ಲ. ನಾಕು ವರ್ಷದ ಕೂಸಿಗಿ ಹ್ಯಾಂಗ ತಡೀತದ? ನಿಂದೇನೂ ತಪ್ಪಿದ್ದಿಲ್ಲ.”

ಪ್ರೀತಿ ಮಣ್ಣಿನಿಂದ ಒಂದೊಂದೇ ಹೊಟ್ಟಿನ ಸಿಪ್ಪೆ ಆರಿಸಿ ಮೊರಕ್ಕೆ ಹಾಕತೊಡಗಿದಳು. ಬಹಳ ಹೊತ್ತು ಹಾಕಿದಳು. ಮುಖ ಕೆಳಗೇ ಇತ್ತು.

ಸಂಜೆ ಹೊಲದಿಂದ ಎಲ್ಲರೂ ಬಂದ ಮೇಲೆ ಖುರ್ಷೀದ್ ಬೇಗಂ ಮೊರವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಅವಳ ಸಪ್ಪೆ ಮುಖ ವ್ಯಾಪಾರದ ನಷ್ಟಕ್ಕೋ ಬೇರೆಯದಕ್ಕೋ ತಿಳಿಯಲಿಲ್ಲ.

“ಅರ್ಧನೇ ಅದ,” ಎಂದಳು. “ಅರ್ಧ ಹೊಟ್ಟಿಗಿ ಅರ್ಧ ಹುಡುಗಿ. ಬ್ಯಾಸಗಿ ರಜಾ ನಂದು.”

“ಬ್ಯಾಸಗಿ ರಜಾ ನಂದವಾ,” ಎಂದಳು ಲಲಿತಾಬಾಯಿ.

“ನೀವು ಎದುರೇ ಇರ್ತೀರಲ್ಲ. ನೋಡ್ಕೋರಿ.”

ಲಲಿತಾಬಾಯಿ ಸೊಸೆಯ ಕಡೆ ತಿರುಗಿದಳು. “ವ್ಯಾಪಾರ ಮುಗೀತು. ಇನ್ನ ಹೆದರಬ್ಯಾಡ. ಎಲ್ಲರ ಮುಂದ ಒಂದ್ಸಲ ಬಾಯಿ ತುಂಬ ಅನ್ನು.”

ಎಲ್ಲರೂ ಸುತ್ತ ನಿಂತರು. ಜಗದೇವಿ ಬಾಯಿ ತೆರೆದಳು. ಪ್ರೀತಿ ಉಗುರಿನ ಮಣ್ಣು ತೆಗೆಯುತ್ತ ಕಾದಳು. ಹದಿನೈದು ವರ್ಷ ನುಂಗಿದ ಮಾತು ಕರೆದ ಕೂಡಲೇ ಬರುವುದಿಲ್ಲ.

“ಇಕಿ... ಪ್ರೀತಿ ಅದಾಳ,” ಎಂದಳು ಜಗದೇವಿ.

“ಗೊತ್ತದ,” ಎಂದು ಪ್ರೀತಿ ಕೈ ತೊಳೆಯಲು ಹೋದಳು. ಆದರೆ ರಾತ್ರಿಯ ಬಸ್ಸಿಗೆ ಅವಳೇ ಮೊದಲು ಹೋಗಿ ತಾಯಿಗೆ ಮುಂದಿನ ಸೀಟು ಹಿಡಿದಳು. ಪೆಟ್ಟು ಬಿದ್ದ ಕಾಲು ಚಾಚಲು ಜಾಗ ಬೇಕಿತ್ತು.

ಹಾಸ್ಟೆಲಿನ ಅರ್ಜಿಯನ್ನು ದೌಲಪ್ಪ ನಾಲ್ಕು ಮಡಿಕೆ ಮಾಡಿ ಅಲ್ಲಾಡುತ್ತಿದ್ದ ಮಂಚದ ಕಾಲ ಕೆಳಗೆ ಇಟ್ಟ. ಪ್ರೀತಿ ಶಾಲೆಗೆ ಹೋದಳು. ರಂಜನಾಳ ಡಬ್ಬಿಯನ್ನು ಬೋರಲು ಹಾಕಲಿಲ್ಲ, ಆದರೆ ಅದರೊಳಗಿನ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳಿದಳಂತೆ. ಖಂಡೆಪ್ಪನವರು ಇದನ್ನು ಸುಧಾರಣೆ ಎಂದು ಬರೆದುಕೊಂಡರು.

ಅಮಾವಾಸ್ಯೆಯಾದ ಹತ್ತನೇ ದಿನ ಬೆಳಿಗ್ಗೆ ಜಗದೇವಿ ಎರಡು ಲೋಟ ಹಾಲು ಹಾಕಿ ಇಟ್ಟಳು. ಪ್ರೀತಿ ಬಾಗಿಲಿಂದಲೇ ನೋಡಿದಳು.

“ನಂದ್ರಾಗ ಕೆನಿ ಕಮ್ಮಿ ಅದ.”

ಪಕ್ಕದ ಮನೆಯ ಮಂಜುಷಾ ಕಿಟಕಿಯಾಚೆ ಬಟ್ಟೆ ಒಣಹಾಕುತ್ತಿದ್ದಳು. ಜಗದೇವಿ ಸೌಟು ಹಿಡಿದ ಕೈಯನ್ನೇ ಅವಳ ಕಡೆ ಬೀಸಿದಳು. “ಕೇಳಿದ್ರೇನ್ರೀ ಮಂಜುಷಾಬಾಯಾರ? ನನ್ನ ಮಗಳ ಹೊಟ್ಟಿಕಿಚ್ಚು ನೋಡ್ರಿ. ಊರಾಗ ಇಂಥಾಕಿ ಇನ್ನೊಬ್ಬಾಕಿ ಇರ್ಲಿಕ್ಕಿಲ್ಲ.”

ಹೇಳಿದ ಮೇಲೆ ಸೌಟು ಗಾಳಿಯಲ್ಲೇ ನಿಂತಿತು. ಜಗದೇವಿ ಮೆಲ್ಲಗೆ ತಿರುಗಿ ಮುಂಬಾಗಿಲ ಕಡೆ ನೋಡಿದಳು. ವಿಳಾಸ ಹುಡುಕಿಕೊಂಡು ಯಾರೂ ಬಂದಿರಲಿಲ್ಲ.

“ಅವ್ವಾ, ನನಗ್ಯಾಕ ಯಾವತ್ತೂ ಹಂಗ ಅನ್ನಂಗಿಲ್ಲ ನೀ?” ಎಂದ ವಿವೇಕ.

“ಹೋಗು, ಹೊಟ್ಟು ತಗೊಂಡು ಕಟ್ಟಿ ಮ್ಯಾಲ ಕೂಡು,” ಎಂದು ಪ್ರೀತಿ ಕೆನೆ ಕಡಿಮೆ ಇದ್ದ ಲೋಟವನ್ನೇ ಎತ್ತಿಕೊಂಡು ಕುಡಿದಳು.